ಪಕ್ಕದಲ್ಲೇ ಸತ್ತ ಸಾರ್ಜೆಂಟ್

ಒಂದು ಪುಸ್ತಕದ ಅರ್ಪಣೆಯ ಪುಟದಿಂದ ಶುರು ಮಾಡ್ತೀನಿ. ಸಾಮಾನ್ಯವಾಗಿ ಆ ಪುಟದಲ್ಲಿ ಏನಿರುತ್ತೆ? ಅಪ್ಪ ಅಮ್ಮನಿಗೆ, ಹೆಂಡತಿಗೆ, ಓದಿಸಿದ ಗುರುಗಳಿಗೆ ಅಂತ ಇರುತ್ತೆ. ನಾವು ಅದನ್ನ ಓದೋದೂ ಇಲ್ಲ, ಮಗುಚಿ ಮುಂದೆ ಹೋಗ್ತೀವಿ. ಆದ್ರೆ 1975ರಲ್ಲಿ ಬಂದ ಈ ಪುಸ್ತಕದಲ್ಲಿ ಆ ಪುಟ ಸೇನೆಯ ದಾಖಲೆ ಥರ ಇದೆ. ಎಡ್ವರ್ಡ್ ಕೀತ್ ಹಡ್ಸನ್ ಅನ್ನೋ ಹೆಸರು. ದರ್ಜೆ, ಟೆಕ್ನಿಕಲ್ ಸಾರ್ಜೆಂಟ್. ಅವನ ಸೈನ್ಯದ ನಂಬರ್. ಎಫ್ ಕಂಪನಿ, 410ನೇ ಇನ್‌ಫೆಂಟ್ರಿ. 1945ರ ಮಾರ್ಚ್ 15ರಂದು ಫ್ರಾನ್ಸ್‌ನಲ್ಲಿ ತನ್ನ ಪಕ್ಕದಲ್ಲೇ ಸತ್ತವನು ಅಂತ ಲೇಖಕರು ಬರೆದಿದ್ದಾರೆ. ಅಷ್ಟೇ. ಒಂದೇ ಒಂದು ವಿಶೇಷಣ ಇಲ್ಲ. ವೀರ ಇಲ್ಲ, ಧೀರ ಇಲ್ಲ, ಅಮರ ಇಲ್ಲ.

ತಮಾಷೆ ಏನು ಗೊತ್ತಾ? ಹಡ್ಸನ್ ಸತ್ತಿದ್ದು ಎರಡನೇ ಮಹಾಯುದ್ಧದಲ್ಲಿ. ಪುಸ್ತಕ ಇರೋದು ಮೊದಲನೇ ಮಹಾಯುದ್ಧದ ಬಗ್ಗೆ. ಬರೆದವರು ಇತಿಹಾಸಕಾರರೂ ಅಲ್ಲ, ಇಂಗ್ಲಿಷ್ ಮೇಷ್ಟ್ರು. ಹೆಸರು ಪಾಲ್ ಫಸೆಲ್. ಪುಸ್ತಕದ ಹೆಸರು ‘ದಿ ಗ್ರೇಟ್ ವಾರ್ ಆ್ಯಂಡ್ ಮಾಡರ್ನ್ ಮೆಮೊರಿ’.

ಈ ಮನುಷ್ಯನ ಕಥೆ ಇವತ್ತು ಯಾಕೆ? ಗಡಿಯಲ್ಲಿ ಏನಾದ್ರೂ ಆದ ರಾತ್ರಿ ನಮ್ಮಂಥವರ ಸ್ಟುಡಿಯೋಗಳು ಹೇಗಿರುತ್ತೆ ಅಂತ ನೀವು ನೋಡಿದ್ದೀರಿ. ಹಿಂದೆ ಸೈರನ್ ಸದ್ದು, ಪರದೆ ಮೇಲೆ ಗ್ರಾಫಿಕ್ಸ್‌ನಲ್ಲಿ ಹಾರೋ ಮಿಸೈಲು, ಮುಂದೆ ಸೂಟು ಹಾಕ್ಕೊಂಡು ನಿಂತ ನಾನು. ಆ ರಾತ್ರಿಗಳ ನಂತರ ಫಸೆಲ್ ಓದೋದು ಸ್ವಲ್ಪ ಕಷ್ಟ. ಕಷ್ಟ ಅನ್ನೋ ಕಾರಣಕ್ಕೇ ಹೇಳ್ತಿದೀನಿ.

1924ರ ಮಾರ್ಚ್ 22, ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಹುಟ್ಟಿದ ಹುಡುಗ. ಅಪ್ಪ ದೊಡ್ಡ ಲಾಯರ್. ಮನೆಯಲ್ಲಿ ದುಡ್ಡಿಗೆ ಕೊರತೆ ಇಲ್ಲ, ಊರಲ್ಲಿ ಬಿಸಿಲಿಗೆ ಕೊರತೆ ಇಲ್ಲ. ಹತ್ತಿರದ ಪೊಮೋನಾ ಕಾಲೇಜಿಗೆ ಸೇರಿದ. ನಮ್ಮ ಎನ್‌ಸಿಸಿ ಥರ ಅಲ್ಲಿ ಆರ್‌ಒಟಿಸಿ ಅಂತ ಇದೆ, ಅದಕ್ಕೂ ಸೇರಿದ. 1943ರಲ್ಲಿ ಸೈನ್ಯದಿಂದ ಕರೆ ಬಂತು. ವಯಸ್ಸು 19. ಜಾರ್ಜಿಯಾದ ಫೋರ್ಟ್ ಬೆನ್ನಿಂಗ್‌ನಲ್ಲಿ ತರಬೇತಿ ಮುಗಿಸಿ ಸೆಕೆಂಡ್ ಲೆಫ್ಟಿನೆಂಟ್ ಆದ. ನಲವತ್ತು ಜನರ ಒಂದು ಪ್ಲಟೂನ್ ಕೈಗೆ ಕೊಟ್ಟರು. ನಮ್ಮಲ್ಲಿ ಆ ವಯಸ್ಸಿಗೆ ಇಂಜಿನಿಯರಿಂಗ್ ಎರಡನೇ ವರ್ಷ. ನಾನು ಆ ವಯಸ್ಸಲ್ಲಿ ಬ್ಯಾಕ್‌ಲಾಗ್ ಕ್ಲಿಯರ್ ಮಾಡೋ ಚಿಂತೆಯಲ್ಲಿದ್ದೆ.

1944ರ ಅಕ್ಟೋಬರ್‌ನಲ್ಲಿ 103ನೇ ಇನ್‌ಫೆಂಟ್ರಿ ಡಿವಿಷನ್ ಫ್ರಾನ್ಸ್‌ನ ಮಾರ್ಸೇ ಬಂದರಿಗೆ ಬಂದಿಳಿಯಿತು. ನವೆಂಬರ್‌ನಲ್ಲಿ ಪೂರ್ವ ಫ್ರಾನ್ಸ್‌ನ ವೋಜ್ ಬೆಟ್ಟಗಳಿಗೆ ಹೋದ್ರು. ಮೊದಲ ರಾತ್ರಿ ಕಾಡಿನೊಳಗೆ ಸಾಗುವಾಗ ಕಗ್ಗತ್ತಲು. ದಾರಿ ತಪ್ಪಿತು. ಮುಂದೆ ಹೋಗೋಕಾಗಲ್ಲ, ಹಿಂದೆ ಬರೋಕೂ ಆಗಲ್ಲ, ನಿಂತಲ್ಲೇ ಮಲಗಿ ಅಂತ ಆದೇಶ ಬಂತು. ಎಲ್ಲಿ ಕಾಲು ಚಾಚೋಕೆ ಜಾಗ ಸಿಕ್ತೋ ಅಲ್ಲೇ ಮಲಗಿದ್ರು.

ಬೆಳಗಾಯಿತು. ಕಣ್ಣು ಬಿಟ್ಟು ನೋಡಿದ್ರೆ ಸುತ್ತ ಹೆಣಗಳು. ಹತ್ತಾರು ಜರ್ಮನ್ ಸೈನಿಕರು, ಒಂದೆರಡು ದಿನದ ಹಿಂದೆ ಸತ್ತವರು, ಹಸಿರು ಮಿಶ್ರಿತ ಬೂದು ಬಣ್ಣದ ಯೂನಿಫಾರ್ಮಿನಲ್ಲಿ ಬಿದ್ದಿದ್ದಾರೆ. ರಾತ್ರಿಯೆಲ್ಲ ಅವರ ಜೊತೆಗೇ ಮಲಗಿದ್ದು. ಅದರಲ್ಲಿ ಇಬ್ಬರು ಮೀಸೆ ಚಿಗುರದ ಮಕ್ಕಳು. ಅಲ್ಲಿವರೆಗೆ ಆ ಹುಡುಗ ಹೆಣವನ್ನೇ ನೋಡಿರಲಿಲ್ಲ. ತನ್ನ ಹುಡುಗಾಟದ ಭ್ರಮೆಗಳೆಲ್ಲ ಆ ಒಂದು ಕ್ಷಣದಲ್ಲಿ ಕಳಚಿ ಬಿದ್ದವು, ಈ ಜಗತ್ತು ನ್ಯಾಯದಿಂದ ನಡೆಯುತ್ತೆ ಅಂತ ಮತ್ತೆಂದೂ ನಂಬೋಕೆ ಆಗಲಿಲ್ಲ ಅನ್ನೋ ಅರ್ಥದಲ್ಲಿ ಮುಂದೆ ಬರ್ಕೊಂಡ್ರು. ಬದುಕಿನಲ್ಲಿ ಆ ಮೇಲೆ ಬರೆದದ್ದೆಲ್ಲ ಆ ಬೆಳಗಿನ ಮುಂದುವರಿದ ಭಾಗ ಅಂತ ನನಗನಿಸುತ್ತೆ.

ಇನ್ನೊಂದು ಘಟನೆ ಇದೆ. ಇದನ್ನ ಬಿಟ್ಟು ಹೇಳಿದ್ರೆ ಮೋಸ ಆಗುತ್ತೆ. ಅದೇ ಕಾಡಿನಲ್ಲಿ ಒಂದು ದೊಡ್ಡ ಗುಂಡಿಯೊಳಗೆ ಹದಿನೈದು ಇಪ್ಪತ್ತು ಜರ್ಮನ್ನರು ಸಿಕ್ಕಿಬಿದ್ದಿದ್ದರು. ಶರಣಾಗ್ತೀವಿ ಅಂತ ಅಳ್ತಿದ್ರು. ಎಫ್ ಕಂಪನಿಯವರು ಗುಂಡಿಯ ಅಂಚಿನಲ್ಲಿ ನಿಂತು, ನಗ್ತಾ ಕೇಕೆ ಹಾಕ್ತಾ, ಒಬ್ಬನೂ ಉಳಿಯದ ಹಾಗೆ ಗುಂಡು ಹಾರಿಸಿದರು. ಟರ್ಕಿ ಕೋಳಿ ಬೇಟೆ ಅಂತ ಅದಕ್ಕೊಂದು ಹೆಸರನ್ನೂ ಇಟ್ಟರು. ಕಂಪನಿಯಲ್ಲಿ ಆ ಚಳಿಗಾಲವಿಡೀ ಅದೊಂದು ಜೋಕು. ಇದನ್ನ ಬರೆದವರು ಶತ್ರು ದೇಶದವರಲ್ಲ, ಅದೇ ಕಂಪನಿಯ ಅಧಿಕಾರಿ ಫಸೆಲ್. ಅಮೆರಿಕ ತನ್ನ ಆ ಸೈನಿಕರನ್ನ ‘ಅತ್ಯಂತ ಶ್ರೇಷ್ಠ ಪೀಳಿಗೆ’ ಅಂತ ಹೊಗಳೋದು ಜೋರಾಗ್ತಿದ್ದ ತೊಂಬತ್ತರ ದಶಕದಲ್ಲೇ, 1996ರ ಆತ್ಮಕಥೆಯಲ್ಲಿ ಇದನ್ನ ಬರೆದ್ರು.

ಈಗ ಮಾರ್ಚ್ 15ಕ್ಕೆ ಬರೋಣ. ಹಡ್ಸನ್ ಅವನ ಪ್ಲಟೂನ್ ಸಾರ್ಜೆಂಟ್. ವಯಸ್ಸಿನಲ್ಲಿ ಹಿರಿಯ. ಸೈನ್ಯ ಗೊತ್ತಿರೋರಿಗೆ ಈ ಸಂಬಂಧ ಹೇಳಬೇಕಾಗಿಲ್ಲ. ಹುದ್ದೆಯಲ್ಲಿ ಲೆಫ್ಟಿನೆಂಟ್ ಮೇಲೆ, ಆದ್ರೆ ನಿಜವಾಗಿ ಪ್ಲಟೂನ್ ನಡೆಸೋನು ಸಾರ್ಜೆಂಟ್. ನಮ್ಮ ರೆಜಿಮೆಂಟುಗಳಲ್ಲಿ ಸುಬೇದಾರ್ ಸಾಹೇಬರು ಇರ್ತಾರಲ್ಲ, ಹಾಗೆ. ಆಲ್ಸೇಸ್‌ನಲ್ಲಿ ದಾಳಿ ನಡೀತಿತ್ತು. ಮೂರು ಜನ ಅಕ್ಕಪಕ್ಕ ಮಲಗಿದ್ರು, ಫಸೆಲ್, ಹಡ್ಸನ್, ಇನ್ನೊಬ್ಬ ಲೆಫ್ಟಿನೆಂಟ್. ಒಂದು ಶೆಲ್ ಬಂದು ಸಿಡೀತು. ಚೂರುಗಳು ಫಸೆಲ್ ಬೆನ್ನಿಗೂ ತೊಡೆಗೂ ಹೊಕ್ಕವು. ಉಳಿದಿಬ್ಬರು ಸತ್ತರು. ಫಸೆಲ್‌ಗೆ 21 ತುಂಬೋಕೆ ಇನ್ನೂ ಒಂದು ವಾರ ಬಾಕಿ ಇತ್ತು.

ಬ್ರಾಂಜ್ ಸ್ಟಾರ್ ಕೊಟ್ಟರು, ಪರ್ಪಲ್ ಹಾರ್ಟ್ ಕೊಟ್ಟರು. ಗಾಯ ಮಾಯುವಷ್ಟರಲ್ಲಿ ಯೂರೋಪಿನ ಯುದ್ಧ ಮುಗಿದಿತ್ತು, ಆದ್ರೆ ಅವನ ಯುದ್ಧ ಮುಗೀಲಿಲ್ಲ. ಜಪಾನ್ ಬಾಕಿ ಇತ್ತು. ಲಾರಿಯಿಂದ ಇಳಿದ್ರೆ ಕಾಲು ಕುಸಿಯೋ ಸ್ಥಿತಿಯಲ್ಲಿದ್ದವನನ್ನ ಇನ್ನೊಂದು ಡಿವಿಷನ್‌ಗೆ ಹಾಕಿದ್ರು. 1946ರ ಮಾರ್ಚ್‌ನಲ್ಲಿ ಟೋಕಿಯೋ ಹತ್ತಿರ ಹೊನ್ಶು ದ್ವೀಪದ ದಡಕ್ಕೆ ಇಳಿಯೋ ಯೋಜನೆ ಅದು. ಅಷ್ಟರಲ್ಲಿ ಆಗಸ್ಟ್ 6, ಹಿರೋಶಿಮಾ. ಆಗಸ್ಟ್ 9, ನಾಗಸಾಕಿ. ಸುದ್ದಿ ಕೇಳಿ ಆ ಹುಡುಗರು ಅತ್ತರಂತೆ. ಸಂಕಟಕ್ಕಲ್ಲ, ಸಮಾಧಾನಕ್ಕೆ. ನಾವು ಸಾಯಲ್ಲ, ದೊಡ್ಡವರಾಗ್ತೀವಿ ಅಂತ. ಈ ಅಳುವಿನ ವಿಷಯಕ್ಕೆ ಆಮೇಲೆ ವಾಪಸ್ ಬರ್ತೀನಿ, ಅಲ್ಲಿ ಜಗಳ ಇದೆ.

ಇನ್ನು ಮುಂದೆ ‘ಅವನು’ ಬಿಟ್ಟು ‘ಅವರು’ ಅನ್ನೋಣ, ಮೇಷ್ಟ್ರಾದ್ರಲ್ಲ.

ಯುದ್ಧದಿಂದ ಬಂದವರನ್ನ ಓದಿಸೋಕೆ ಅಮೆರಿಕದಲ್ಲಿ 1944ರಲ್ಲೇ ಜಿಐ ಬಿಲ್ ಅಂತ ಕಾನೂನು ಬಂದಿತ್ತು. ಅದರಡಿ ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜು ಮೆಟ್ಟಿಲು ಹತ್ತಿದರು. ಕ್ಲಾಸ್‌ರೂಮುಗಳಲ್ಲಿ ಒಂದು ಬೆಂಚಲ್ಲಿ ಹದಿನೆಂಟರ ಹುಡುಗ, ಪಕ್ಕದ ಬೆಂಚಲ್ಲಿ ಮನುಷ್ಯರನ್ನ ಕೊಂದು ಬಂದ ಇಪ್ಪತ್ತೈದರ ವ್ಯಕ್ತಿ. ಫಸೆಲ್ 1947ರಲ್ಲಿ ಪೊಮೋನಾದಲ್ಲಿ ಬಿ.ಎ. ಮುಗಿಸಿದರು, 1952ರಲ್ಲಿ ಹಾರ್ವರ್ಡ್‌ನಿಂದ ಪಿಎಚ್.ಡಿ. ಪಡೆದರು. ಕನೆಕ್ಟಿಕಟ್ ಕಾಲೇಜಿನಲ್ಲಿ ಸ್ವಲ್ಪ ವರ್ಷ, ನಂತರ 1955ರಿಂದ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ.

ಏನು ಪಾಠ? ಹದಿನೆಂಟನೇ ಶತಮಾನದ ಇಂಗ್ಲಿಷ್ ಸಾಹಿತ್ಯ. ಮೊದಲ ಪುಸ್ತಕ 1954ರಲ್ಲಿ, ವಿಷಯ ಛಂದಸ್ಸು. ಆಮೇಲೆ 1965ರಲ್ಲಿ ಮತ್ತೆ ಛಂದಸ್ಸಿನ ಮೇಲೆ ಇನ್ನೊಂದು ಪುಸ್ತಕ. ನಾವು ಹೈಸ್ಕೂಲಲ್ಲಿ ಪ್ರಸ್ತಾರ ಹಾಕಿ ಲಘು ಗುರು ಗುರುತಿಸಿ ಗಣ ವಿಭಾಗ ಮಾಡ್ತಿದ್ವಲ್ಲ, ಅದರ ಇಂಗ್ಲಿಷ್ ರೂಪ. ಆ ಕಾಡು, ಆ ಗುಂಡಿ ನೋಡಿ ಬಂದ ಮನುಷ್ಯ ಇಪ್ಪತ್ತು ವರ್ಷ ಕೂತು ಸಾಲುಗಳ ಮಾತ್ರೆ ಎಣಿಸಿದ್ರು. ನನಗೆ ಇದು ವಿಚಿತ್ರ ಅನಿಸಲ್ಲ. ಎಲ್ಲಾ ಅಳತೆಗೆ ಸಿಗೋ, ಎಲ್ಲಾ ಲೆಕ್ಕಕ್ಕೆ ಬರೋ ಒಂದು ಜಗತ್ತು ಬೇಕಾಗಿತ್ತೇನೋ. 1957ರಲ್ಲಿ ಫುಲ್‌ಬ್ರೈಟ್ ಮೇಲೆ ಒಂದು ವರ್ಷ ಪಾಠ ಮಾಡೋಕೆ ಹೋಗಿದ್ದೆಲ್ಲಿಗೆ ಗೊತ್ತಾ? ಜರ್ಮನಿಯ ಹೈಡಲ್‌ಬರ್ಗ್‌ಗೆ. ಗುಂಡು ಹಾರಿಸಿ ಹನ್ನೆರಡು ವರ್ಷಕ್ಕೆ ಅದೇ ದೇಶದ ಹುಡುಗರಿಗೆ ಪಾಠ!

ಆಮೇಲೆ ವಿಯೆಟ್ನಾಂ ಬಂತು. ದಿನಾ ಬೆಳಗ್ಗೆ ಪೇಪರಿನಲ್ಲಿ, ರಾತ್ರಿ ಟಿವಿಯಲ್ಲಿ ಒಂದು ಅಂಕಿ. ಇವತ್ತು ಶತ್ರು ಇಷ್ಟು ಜನ ಸತ್ತರು. ‘ಬಾಡಿ ಕೌಂಟ್’. ಕ್ರಿಕೆಟ್ ಸ್ಕೋರ್ ಹೇಳಿದ ಹಾಗೆ. ಸತ್ತವರು ಹೇಗಿರ್ತಾರೆ ಅಂತ ಗೊತ್ತಿದ್ದ ಮೇಷ್ಟ್ರಿಗೆ ತಡೆಯೋಕಾಗಲಿಲ್ಲ. ಲಂಡನ್‌ಗೆ ಹೋದರು, ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಕೂತರು, ಮೊದಲನೇ ಮಹಾಯುದ್ಧದ ಬ್ರಿಟಿಷ್ ಸೈನಿಕರ ಪತ್ರ, ಡೈರಿಗಳನ್ನ ಒಂದೊಂದಾಗಿ ಬಿಚ್ಚಿ ಓದಿದರು. ಅಲ್ಲಿಂದ ಹುಟ್ಟಿದ್ದು 1975ರ ಆ ಪುಸ್ತಕ.

ಅದರಲ್ಲಿ ಏನಿದೆ? ಕದನಗಳ ನಕ್ಷೆ ಇಲ್ಲ, ಸೇನಾಪತಿಗಳ ತಂತ್ರ ಇಲ್ಲ. ಯುದ್ಧದ ಬಗ್ಗೆ ಮನುಷ್ಯರು ಯಾವ ಮಾತಿನಲ್ಲಿ ಮಾತಾಡಿದ್ರು, ಆ ಮಾತು ಯಾವಾಗ ಮುರಿದು ಬಿತ್ತು ಅನ್ನೋದಿದೆ. 1914ರಲ್ಲಿ ಇಂಗ್ಲಿಷರು ಯುದ್ಧಕ್ಕೆ ಹೋದಾಗ ಅವರ ಬಾಯಲ್ಲಿದ್ದದ್ದು ರಾಜ ರಾಣಿ ಕಥೆಗಳ ಭಾಷೆ. ಸಾಯೋದಕ್ಕೆ ಸಾವು ಅನ್ನಲ್ಲ, ಸೈನಿಕನಿಗೆ ಸೈನಿಕ ಅನ್ನಲ್ಲ, ರಕ್ತಕ್ಕೂ ಒಂದು ಕಾವ್ಯದ ಹೆಸರು. ಫಸೆಲ್ ಒಂದು ಪಟ್ಟಿಯನ್ನೇ ಕೊಡ್ತಾರೆ. ಅದನ್ನ ಓದುವಾಗ ನಮ್ಮದೇ ಪಟ್ಟಿ ಮನಸ್ಸಿನಲ್ಲಿ ತಯಾರಾಗುತ್ತೆ. ಕುದುರೆ ಅಲ್ಲ, ತುರಗ. ಯುದ್ಧ ಅಲ್ಲ, ಸಮರ. ಹೆಣ ಅಲ್ಲ, ಪಾರ್ಥಿವ ಶರೀರ. ಸತ್ತರು ಅಲ್ಲ, ವೀರಸ್ವರ್ಗ ಸೇರಿದರು. ನಮ್ಮೂರ ಹೊರಗಿರೋ ವೀರಗಲ್ಲು ನೋಡಿ, ಕೆಳಗಿನ ಹಂತದಲ್ಲಿ ಹೋರಾಟ, ನಡುವೆ ಅಪ್ಸರೆಯರು ಎತ್ಕೊಂಡು ಹೋಗ್ತಿದ್ದಾರೆ, ಮೇಲೆ ಶಿವಸನ್ನಿಧಿ. ಗಾಯ ಕೊಳೆತು ಮೂರು ದಿನ ನರಳಿದ್ದಕ್ಕೆ ಕಲ್ಲಿನಲ್ಲಿ ಜಾಗ ಇಲ್ಲ.

1916ರ ಜುಲೈ 1, ಸೋಮ್ ಕದನದ ಮೊದಲ ದಿನ. ಕ್ಯಾಪ್ಟನ್ ನೆವಿಲ್ ಅನ್ನೋ ಬ್ರಿಟಿಷ್ ಅಧಿಕಾರಿ ರಜೆಗೆ ಹೋದಾಗ ತನ್ನ ಹುಡುಗರಿಗೆ ಅಂತ ಫುಟ್‌ಬಾಲ್ ತಂದಿದ್ದ. ದಾಳಿ ಶುರುವಾದ ತಕ್ಷಣ ಚೆಂಡು ಒದ್ದು, ಅದರ ಹಿಂದೆ ಓಡ್ತಾ ಜರ್ಮನ್ ಕಂದಕದ ಕಡೆ ಹೋಗೋದು ಅಂತ ಪ್ಲಾನ್. ಹಾಗೇ ಹೋದ್ರು. ನೆವಿಲ್ ಅಲ್ಲೇ ಸತ್ತ. ಆ ಒಂದೇ ದಿನ ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಲ್ಲಾ ಸೇರಿ 57,470. ಅದರಲ್ಲಿ ಸತ್ತವರೇ 19,240. ಸಂಜೆಯೊಳಗೆ! ಯುದ್ಧ ಅಂದ್ರೆ ಆಟ ಅಂದ್ಕೊಂಡ ಭಾಷೆ ಅವತ್ತಿಗೆ ಸತ್ತಿತು ಅನ್ನೋಣವಾ? ಇಲ್ಲ. ಫುಟ್‌ಬಾಲ್ ಕಥೆ ಪೇಪರುಗಳಲ್ಲಿ ಶೌರ್ಯದ ಕಥೆಯಾಗಿ ಮೆರೀತು.

ಇನ್ನೊಂದು ಸಣ್ಣ ವಿಷಯದ ಮೇಲೆ ಫಸೆಲ್ ಪುಟಗಟ್ಟಲೆ ಬರೀತಾರೆ, ನನಗೆ ಪುಸ್ತಕದಲ್ಲಿ ತುಂಬಾ ಇಷ್ಟವಾದ ಭಾಗ ಅದು. ಸೈನಿಕರಿಗೆ ಕೊಡ್ತಿದ್ದ ಒಂದು ಅಚ್ಚಾದ ಪೋಸ್ಟ್‌ಕಾರ್ಡ್. ಬರೆಯೋ ಹಾಗೇ ಇಲ್ಲ. ಸಾಲುಗಳು ಮೊದಲೇ ಪ್ರಿಂಟ್ ಆಗಿರುತ್ತೆ. ನಾನು ಕ್ಷೇಮ. ನಾನು ಆಸ್ಪತ್ರೆಗೆ ಸೇರಿದೀನಿ, ಗುಣವಾಗ್ತಿದೀನಿ. ನಿಮ್ಮ ಪತ್ರ ಬಂತು. ನಿಮ್ಮ ಪತ್ರ ಬಹಳ ದಿನದಿಂದ ಬಂದಿಲ್ಲ. ಬೇಡದ ಸಾಲು ಹೊಡೆದು ಹಾಕಿ, ಸಹಿ ಮಾಡಿ, ತಾರೀಕು ಹಾಕಿ, ಕಳಿಸಬೇಕು. ಒಂದು ಪದ ಹೆಚ್ಚಿಗೆ ಸೇರಿಸಿದ್ರೆ ಕಾರ್ಡ್ ಹರಿದು ಹಾಕ್ತೀವಿ ಅಂತ ಅದರಲ್ಲೇ ಬರೆದಿದೆ. ಈಗ ಇಂಜಿನಿಯರಿಂಗ್ ಕಣ್ಣಲ್ಲಿ ನೋಡಿ, ಇದು ಅಪ್ಪಟ ಡ್ರಾಪ್‌ಡೌನ್ ಮೆನು. ನನಗೆ ಭಯ ಆಗ್ತಿದೆ ಅನ್ನೋ ಆಪ್ಷನ್ ಇಲ್ಲ. ನನ್ನ ಕಾಲು ಹೋಯ್ತು ಅನ್ನೋ ಆಪ್ಷನ್ ಇಲ್ಲ. ಆಸ್ಪತ್ರೆಗೆ ಸೇರಿದವರೆಲ್ಲ ಗುಣವಾಗ್ತಾನೇ ಇರಬೇಕು. ಇಂಥ ಕಾರ್ಡುಗಳು ಲಕ್ಷ ಲಕ್ಷ ಹೋದವು. ಫಾರಂ ತುಂಬೋ ಆಧುನಿಕ ಬದುಕಿನ ಆರಂಭವನ್ನ ಫಸೆಲ್ ಈ ಕಾರ್ಡಿನಲ್ಲಿ ನೋಡ್ತಾರೆ.

ಮತ್ತೆ ಆ ದೂರ. ಕಂದಕಗಳಿಂದ ಲಂಡನ್‌ಗೆ ಎಷ್ಟು ದೂರ? ಇನ್ನೂರು ಕಿಲೋಮೀಟರ್ ಆಚೆ ಈಚೆ, ನಡುವೆ ಒಂದು ಕಡಲ್ಗಾಲುವೆ. ಬೆಳಗ್ಗೆ ಕಂದಕದಲ್ಲಿ ತಿಂಡಿ ತಿಂದ ಅಧಿಕಾರಿ ರಜೆ ಸಿಕ್ಕರೆ ರಾತ್ರಿ ಲಂಡನ್ ಕ್ಲಬ್ಬಿನಲ್ಲಿ ಊಟ ಮಾಡಬಹುದಿತ್ತು. ದೊಡ್ಡ ಅಂಗಡಿಗಳಿಂದ ಕೇಕು, ಚಾಕೊಲೇಟಿನ ಪಾರ್ಸೆಲ್ ಕಂದಕಕ್ಕೇ ಬರ್ತಿತ್ತು. ಕೆಂಟ್ ಕಡೆಯ ಊರುಗಳಿಗೆ ತೋಪಿನ ಸದ್ದು ಕೇಳಿಸ್ತಿತ್ತು. ಇಷ್ಟು ಹತ್ತಿರ ಇದ್ದೂ ಮನೆಯವರಿಗೆ ಏನೂ ಗೊತ್ತಿರಲಿಲ್ಲ. ವಿಲ್ಫ್ರೆಡ್ ಓವೆನ್ ಅನ್ನೋ ಕವಿ 1918ರ ನವೆಂಬರ್ 4ರಂದು ಸತ್ತ. ಯುದ್ಧ ಮುಗಿದ ನವೆಂಬರ್ 11ರಂದು ಊರೆಲ್ಲ ಗಂಟೆ ಬಾರಿಸ್ತಿರುವಾಗ ಅವನ ಮನೆಗೆ ತಂತಿ ಬಂತು.

ಪುಸ್ತಕಕ್ಕೆ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಛಂದಸ್ಸಿನ ಮೇಷ್ಟ್ರು ರಾತ್ರೋರಾತ್ರಿ ಫೇಮಸ್. ಟೀಕೆಯೂ ಬಂತು. ರಾಬಿನ್ ಪ್ರಯರ್ ಮತ್ತು ಟ್ರೆವರ್ ವಿಲ್ಸನ್ ಅನ್ನೋ ಇಬ್ಬರು ಸೇನಾ ಇತಿಹಾಸಕಾರರು 1994ರಲ್ಲಿ, ಈ ಮನುಷ್ಯನಿಗೆ ಕವಿತೆ ಗೊತ್ತು, ಯುದ್ಧದ ಇತಿಹಾಸ ಸರಿಯಾಗಿ ಗೊತ್ತಿಲ್ಲ ಅನ್ನೋ ಧಾಟಿಯಲ್ಲಿ ಝಾಡಿಸಿದರು. ಓದು ಬರಹ ಬಲ್ಲ ಮೇಲ್ವರ್ಗದ ಇಂಗ್ಲಿಷ್ ಅಧಿಕಾರಿಗಳ ಕಣ್ಣಲ್ಲೇ ಇಡೀ ಯುದ್ಧ ನೋಡ್ತಾರೆ ಅನ್ನೋ ಆಕ್ಷೇಪವೂ ಇದೆ. ನನ್ನ ತಕರಾರೂ ಇದೇ. ಆ ಯುದ್ಧದಲ್ಲಿ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಹೋದ್ರು, ಸುಮಾರು 74 ಸಾವಿರ ಜನ ವಾಪಸ್ ಬರಲಿಲ್ಲ. 1914ರ ಚಳಿಗಾಲದಲ್ಲಿ ಅದೇ ಕಂದಕಗಳಲ್ಲಿ ಪಂಜಾಬಿಗಳು, ಗಢವಾಲಿಗಳು, ಗೂರ್ಖಾಗಳು ನಡುಗ್ತಾ ನಿಂತಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನ ಗೆದ್ದ ಕುದುರೆ ಸವಾರರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ಇದೆ, ಟ್ರಾಫಿಕ್‌ನಲ್ಲಿ ನಿಂತಾಗ ನೋಡಿ. ಫಸೆಲ್ ಪುಸ್ತಕದಲ್ಲಿ ಇವರಿಗೆ ಜಾಗ ಇಲ್ಲ ಅನ್ನೋ ಹಾಗೇ ಇದೆ.

ಜಾಗ ಕೊಟ್ಟಿದ್ರೆ ಅವರ ವಾದಕ್ಕೇ ಬಲ ಬರ್ತಿತ್ತು. ಫ್ರಾನ್ಸ್‌ನಿಂದ ನಮ್ಮ ಸಿಪಾಯಿಗಳು ಬರೆಸಿ ಕಳಿಸಿದ ಪತ್ರಗಳನ್ನ ಸೆನ್ಸಾರ್ ಅಧಿಕಾರಿಗಳು ತೆರೆದು ಓದ್ತಿದ್ರು. ಸಿಪಾಯಿಗಳಿಗೆ ಅದು ಗೊತ್ತಿತ್ತು. ಹಾಗಾಗಿ ಕರಿಮೆಣಸು, ಕೆಂಪು ಮೆಣಸಿನ ಲೆಕ್ಕದಲ್ಲಿ ಬರೆಸ್ತಿದ್ರು. ಕರಿಮೆಣಸು ಖಾಲಿಯಾಗ್ತಿದೆ ಅಂದ್ರೆ ನಮ್ಮವರು ಸಾಯ್ತಿದ್ದಾರೆ, ಕೆಂಪು ಮೆಣಸು ಅಂದ್ರೆ ಬಿಳಿಯರು. ಪೋಸ್ಟ್‌ಕಾರ್ಡಿನ ಮೆನುವಿನಲ್ಲಿ ಇಲ್ಲದ ಆಪ್ಷನ್ ಅನ್ನ ಅಡುಗೆಮನೆ ಡಬ್ಬಿಯಿಂದ ತೆಗೆದವರು ಇವರು.

ಈಗ ಆ ಜಗಳ. 1981ರಲ್ಲಿ ಫಸೆಲ್ ಒಂದು ಲೇಖನ ಬರೆದರು, 1988ರಲ್ಲಿ ಅದೇ ಒಂದು ಪುಸ್ತಕದ ಶೀರ್ಷಿಕೆಯಾಯ್ತು. ಅಣುಬಾಂಬಿಗಾಗಿ ದೇವರಿಗೆ ವಂದನೆ ಅನ್ನೋ ಅರ್ಥದ ಶೀರ್ಷಿಕೆ! ಯುದ್ಧದ ಬಣ್ಣ ಬಯಲು ಮಾಡಿದ ಮನುಷ್ಯ ಬಾಂಬ್ ಪರ ಹೇಗೆ ನಿಂತ್ರು? ಅವರ ವಾದ ಸರಳ. ಬಾಂಬ್ ಹಾಕಬಾರದಿತ್ತು ಅಂತ ಆಮೇಲೆ ಹೇಳೋ ದೊಡ್ಡ ಮನುಷ್ಯರು 1945ರಲ್ಲಿ ಎಲ್ಲಿದ್ರು? ಅರ್ಥಶಾಸ್ತ್ರಜ್ಞ ಗಾಲ್‌ಬ್ರೈತ್ ಬೆಲೆ ನಿಯಂತ್ರಣದ ಸರ್ಕಾರಿ ಕಚೇರಿಯಲ್ಲಿದ್ದವರು, ಹೊನ್ಶು ದಡದಲ್ಲಿ ಸಾಯಬೇಕಾಗಿದ್ದವರು ನಾವು ಅಂತ. ಚಿಂತಕ ಮೈಕಲ್ ವಾಲ್ಜರ್ ತಿರುಗಿ ಉತ್ತರ ಕೊಟ್ಟರು: ಸೈನಿಕರ ಜೀವ ಉಳಿಸೋಕೆ ಅಂತ ಬೇಕೆಂದೇ ಸಾಮಾನ್ಯ ಜನರನ್ನ ಕೊಲ್ಲೋದನ್ನ ಒಪ್ಪಿದ್ರೆ ಯುದ್ಧಕ್ಕೆ ಯಾವ ಮಿತಿಯೂ ಉಳಿಯಲ್ಲ.

ನನಗೆ ಇಲ್ಲಿ ಫಸೆಲ್ ಜೊತೆ ಪೂರ್ತಿ ನಿಲ್ಲೋಕೆ ಆಗಲ್ಲ. ಅನುಭವಿಸಿದವನಿಗೇ ಮಾತಿನ ಹಕ್ಕು ಅನ್ನೋದಾದ್ರೆ, 1945ರ ಕೊನೆಗೆ ಹಿರೋಶಿಮಾದಲ್ಲಿ ಸುಮಾರು 1,40,000 ಜನ ಸತ್ತಿದ್ದರು, ಬದುಕುಳಿದವರೂ ಇದ್ದರು. ಅವರ ಅನುಭವಕ್ಕೆ ಹಕ್ಕಿಲ್ವಾ? ಆದ್ರೆ ಒಂದು ಮಾತು. ಆ ಇಪ್ಪತ್ತೊಂದರ ಹುಡುಗ ಅತ್ತಿದ್ದು ಸುಳ್ಳಲ್ಲ. ಅವನಿಗೆ ಕಾಲು ಕುಸಿಯುತ್ತಿತ್ತು, ಸಾಯ್ತೀನಿ ಅಂತ ಖಾತ್ರಿ ಇತ್ತು, ಸಾಯಲ್ಲ ಅಂತ ಸುದ್ದಿ ಬಂತು. ಫಸೆಲ್ ಆ ಅಳುವನ್ನ ಮುಚ್ಚಿಡಬಹುದಿತ್ತು. ಅರವತ್ತರ ಹೊಸ್ತಿಲಲ್ಲಿ ಕೂತು, ಯುದ್ಧ ವಿರೋಧಿ ಅಂತ ಜನ ತನ್ನನ್ನ ಮೆಚ್ಚುತ್ತಿದ್ದ ಕಾಲದಲ್ಲೇ, ಅದನ್ನ ಎತ್ತಿ ಮೇಜಿನ ಮೇಲೆ ಇಟ್ಟರು.

ಒಳ್ಳೆ ಮನುಷ್ಯರಾಗಿದ್ರಾ? ಗೊತ್ತಿದ್ದವರೆಲ್ಲ ಹೌದು ಅನ್ನಲ್ಲ. 1983ರಲ್ಲಿ ಅಮೆರಿಕದ ವರ್ಗವ್ಯವಸ್ಥೆ ಬಗ್ಗೆ ಬರೆದ ಪುಸ್ತಕದಲ್ಲಿ ಬಡವರು, ಶ್ರೀಮಂತರು ಯಾರನ್ನೂ ಬಿಡದೆ ಚುಚ್ಚಿದ್ದಾರೆ, ಕೆಲವು ಕಡೆ ಕ್ರೂರ ಅನಿಸುತ್ತೆ. ಮೊದಲ ಹೆಂಡತಿ ಬೆಟ್ಟಿ ಫಸೆಲ್ ಸ್ವತಃ ಹೆಸರಾಂತ ಅಡುಗೆ ಲೇಖಕಿ. ವಿಚ್ಛೇದನದ ನಂತರ, 1999ರಲ್ಲಿ ಅವರು ಬರೆದ ಆತ್ಮಕಥೆಯ ಹೆಸರು ‘ಮೈ ಕಿಚನ್ ವಾರ್ಸ್’. ಹೆಸರೇ ಸಾಕಲ್ವಾ? ಗಂಡ ಯುದ್ಧಭೂಮಿಯ ಬಗ್ಗೆ ಬರೆದು ಪ್ರಶಸ್ತಿ ಪಡೆದಾಗ ಅಡುಗೆಮನೆಯಲ್ಲಿ ಏನು ನಡೀತಿತ್ತು ಅಂತ ಅದರಲ್ಲಿದೆ. ಫಸೆಲ್ ತಾವೇ ಹೇಳಿಕೊಂಡಿದ್ದಾರೆ, ಇಪ್ಪತ್ತನೇ ವಯಸ್ಸಿನಲ್ಲಿ ಹೊತ್ತಿದ ಸಿಟ್ಟು ಕೊನೇ ತನಕ ಆರಲಿಲ್ಲ ಅಂತ. ಆ ಸಿಟ್ಟು ಪುಸ್ತಕಕ್ಕೆ ಒಳ್ಳೇದಾಯ್ತು, ಮನೆಗಲ್ಲ.

1983ರಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ, 1994ರಲ್ಲಿ ನಿವೃತ್ತಿ. ನಡುವೆ 1989ರಲ್ಲಿ ‘ವಾರ್‌ಟೈಮ್’, ಅದು ತಮ್ಮದೇ ಯುದ್ಧದ ಬಗ್ಗೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಪತ್ರಿಕೆಗಳು ತೋರಿಸಿದ ಸೈನಿಕರಿಗೆ ಸದಾ ಕೈ ಕಾಲು ಎಲ್ಲಾ ಇರ್ತಿದ್ದವು, ಛಿದ್ರವಾದ ದೇಹ ಯಾರಿಗೂ ತೋರಿಸಲಿಲ್ಲ, ಆದ್ದರಿಂದಲೇ ಅದು ‘ಒಳ್ಳೆ ಯುದ್ಧ’ ಅನ್ನಿಸಿಕೊಂಡಿತು ಅನ್ನೋದು ಅಲ್ಲಿನ ವಾದ. 2007ರಲ್ಲಿ ಕೆನ್ ಬರ್ನ್ಸ್ ಮಾಡಿದ ‘ದಿ ವಾರ್’ ಸಾಕ್ಷ್ಯಚಿತ್ರದಲ್ಲಿ ಎಂಬತ್ತು ದಾಟಿದ ಫಸೆಲ್ ಮಾತಾಡೋದನ್ನ ನೋಡಬಹುದು. 2012ರ ಮೇ 23ರಂದು ಆರೆಗನ್‌ನ ಮೆಡ್‌ಫರ್ಡ್‌ನಲ್ಲಿ, 88ನೇ ವಯಸ್ಸಿನಲ್ಲಿ ಸತ್ತರು. ನಿಧನರಾದರು ಅಂತ ಬರೆದಿದ್ದೆ, ಹೊಡೆದು ಹಾಕಿದೆ.

ಇದನ್ನೆಲ್ಲ ಓದಿದ ಮೇಲೆ ನನ್ನ ಬುಲೆಟಿನ್ ಬದಲಾಯ್ತಾ ಅಂತ ಕೇಳ್ತೀರಿ. ಕೆಲ ದಿನದ ಹಿಂದೆ ಗಡಿಯಿಂದ ಸುದ್ದಿ ಬಂತು, ನಮ್ಮ ಕಡೆಯ ಒಬ್ಬ ಹುಡುಗ. ಟೆಲಿಪ್ರಾಂಪ್ಟರ್ ಮೇಲೆ ‘ವೀರಮರಣವನ್ನಪ್ಪಿದ್ದಾರೆ’ ಅಂತ ಸಾಲು ಬಂದು ನಿಂತಿತು. ಒಂದು ಕ್ಷಣ ತಡೆದೆ. ‘ಸತ್ತಿದ್ದಾರೆ’ ಅಂತ ಹೇಳಲಾ? ಆ ಹೊತ್ತಲ್ಲಿ ಆ ಊರಲ್ಲಿ, ಆ ಮನೆಯಲ್ಲಿ ಟಿವಿ ಆನ್ ಇರುತ್ತೆ. ಅವನ ತಾಯಿ ಕೂತಿರ್ತಾರೆ. ಅವರಿಗೆ ಆ ಹೊತ್ತಿಗೆ ಬೇಕಿರೋದು ಫಸೆಲ್ ಪದವಾ, ಈ ಪದವಾ? ಇಯರ್‌ಪೀಸಿನಲ್ಲಿ ಪ್ರೊಡ್ಯೂಸರ್ ‘ಏನಾಯ್ತು, ಓದಿ’ ಅಂದ್ರು.

ಇದ್ದದ್ದನ್ನ ಇದ್ದ ಹಾಗೇ ಓದಿದೆ. ಸೈರನ್ ಮಾತ್ರ ಹಾಕಬೇಡಿ ಅಂತ ಕೇಳ್ಕೊಂಡೆ. ಅವತ್ತು ಹಾಕಲಿಲ್ಲ.